ಕಿರುಬೆರಳು

ಇದು ನನ್ನ ಎಡಗೈಯ ಕಿರುಬೆರಳು. ನೋಡಿ,
ಊರು ಬಿಡಲು ಹೊರಟವನ ಹಾಗೆ
ಉಳಿದ ನಾಲ್ಕರಿಂದ ದೂರ ಬಾಗಿದೆ.
ಬಾಗಿಸಿದವನು ಡೆಕ್ಲನ್ ಹೆಸ್ಲಪ್.
ಆಗ ಅವನಿಗೆ ಹದಿನಾಲ್ಕು,
ಪ್ಯಾಂಟು ಅಣ್ಣನದು, ಬೂಟು ಯಾರದೋ.

ಡರ್ಹಾಮ್ ಕರಾವಳಿಯಲ್ಲಿ ನಮ್ಮ ಮೈದಾನ,
ಗಣಿಯ ಕಸದ ಗುಡ್ಡ ಸವರಿ ಹುಲ್ಲು ಹಾಸಿದ್ದು.
ಗಣಿ ಮುಚ್ಚಿ ಮೂವತ್ತು ವರ್ಷ ಆಯಿತು,
ಈಗಲೂ ದೊಡ್ಡ ಮಳೆ ಬಂದರೆ
ಪಿಚ್ಚಿನ ಅಂಚಿನಲ್ಲಿ ಕಪ್ಪು ನೀರು ಜಿನುಗುತ್ತದೆ.
ಅಲ್ಲಿ ಸ್ಟಂಪಿನ ಹಿಂದೆ
ಇಪ್ಪತ್ತಾರು ಬೇಸಿಗೆ ಕುಕ್ಕರುಗಾಲಲ್ಲಿ ಕೂತವನು ನಾನು,
ವಾರವಿಡೀ ನಲ್ಲಿ ರಿಪೇರಿ, ಶನಿವಾರ ಕೀಪಿಂಗು.

ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದಂತೆ.
ನನಗೆ ಕಂಡದ್ದು ಮೊಳಕೆಯಲ್ಲ,
ಬದನೆಕಾಯಿಯ ಹಾಗೆ ಊದಿದ ಬೆರಳು,
ಅದನ್ನು ನೋಡಿ ಅತ್ತೇಬಿಟ್ಟ ಹುಡುಗ.
ಅಳಬೇಡ್ವೋ, ಮುಂದಿನದು ಇನ್ನೂ ಜೋರಾಗಿ ಹಾಕು, ಅಂದೆ.
ಹಾಕಿದ. ವೈಡು. ನೇರ ಬೇಲಿಗೆ.

ಚೆಂಡು ಗ್ಲೌಸಿಗೆ ಬೀಳುವ ಸದ್ದು ಕೇಳಿ
ಬೌಲರನ ವಯಸ್ಸು ಹೇಳಬಲ್ಲೆ.
ಹದಿನಾಲ್ಕಕ್ಕೆ ಪಟ್. ಹದಿನೈದಕ್ಕೆ ಧಪ್.
ಹದಿನಾರರ ಜೂನ್ ತಿಂಗಳಲ್ಲಿ ಸದ್ದೇ ಕೇಳಲಿಲ್ಲ,
ಅಂಗೈಯಲ್ಲಿ ಬರೀ ಬಿಸಿ.
ನಾನು ಒಂದು ಹೆಜ್ಜೆ ಹಿಂದೆ ಸರಿದೆ.
ಸ್ಲಿಪ್ಪಿನವರು ನೋಡಿದರು, ಏನೂ ಅನ್ನಲಿಲ್ಲ,
ಅವರೂ ಸರಿದರು.
ರಸ್ತೆಯಂಚಿನ ಕಾರಿನಲ್ಲಿ ಒಬ್ಬಾತ
ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿ
ನೋಟ್‌ಬುಕ್ ತೆಗೆದ.

ಹದಿನೇಳಕ್ಕೆ ಬೆನ್ನು ಹೋಯಿತು.
ಐದನೆಯ ಮಣಿಯಲ್ಲಿ ಕೂದಲೆಳೆಯ ಬಿರುಕು,
ವರ್ಷ ಪೂರ್ತಿ ಚೆಂಡು ಮುಟ್ಟಬಾರದು.
ನೋಟ್‌ಬುಕ್ಕಿನವನು ಎರಡು ಸಲ ಫೋನ್ ಮಾಡಿದ,
ಆಮೇಲೆ ಮಾಡಲಿಲ್ಲ.
ಹುಡುಗ ಮೀನಂಗಡಿಯಲ್ಲಿ ಆಲೂಗಡ್ಡೆ ಸುಲಿದ.
ಒಂದೊಂದನ್ನೂ ಎರಡು ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಇಟ್ಟು
ಸೀಮ್ ಹುಡುಕುತ್ತಾನೆ ಕಣ್ರೀ,
ಬಕೆಟ್ಟಿಗೆ ಎಸೆದರೆ ನೀರು ನನ್ನ ಕನ್ನಡಕಕ್ಕೆ,
ಅಂತ ಅಂಗಡಿಯ ಶ್ರೀಮತಿ ಪಾಟ್ಸ್ ದೂರು.

ನಿಜ ಹೇಳುತ್ತೇನೆ: ಆ ಬೇಸಿಗೆ ನನ್ನ ಕೈ ವಾಸಿಯಾಯಿತು.
ಮೂರು ವರ್ಷದಲ್ಲಿ ಮೊದಲ ಸಲ
ಚಹಾದ ಕಪ್ಪನ್ನು ನೋವಿಲ್ಲದೆ ಎತ್ತಿದೆ.
ರುಚಿಸಲಿಲ್ಲ ಅಂದರೆ ಸುಳ್ಳು.
ಚೆನ್ನಾಗಿಯೇ ಇತ್ತು.

ಚಳಿಗಾಲ, ಶಾಲೆಯ ಜಿಮ್ಮು, ಕೊಳವೆ ದೀಪದ ಕೆಳಗೆ
ಅವನು ಓಡುವುದನ್ನು ಮೊದಲಿನಿಂದ ಕಲಿತ.
ಎಡಗಾಲು ಎಲ್ಲಿ, ಸೊಂಟ ಎತ್ತ,
ತೋಳು ಕಿವಿಗೆ ಎಷ್ಟು ಹತ್ತಿರ.
ಅವನಮ್ಮ ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ
ಯೂನಿಫಾರ್ಮಿನಲ್ಲೇ ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದಳು.
ಹಳೆಯ ಓಟದ ಏಳು ಹೆಜ್ಜೆ ಕಳೆದುಹೋದವು.
ವೇಗವೂ ಸ್ವಲ್ಪ. ಬದಲಿಗೆ ಏನೋ ಬಂತು;
ಬಿದ್ದ ಮೇಲೆ ಮನಸ್ಸು ಬದಲಿಸುವ ಚೆಂಡು.

ಕೌಂಟಿಯ ಎರಡನೆಯ ತಂಡಕ್ಕೆ ಮೂರು ಪಂದ್ಯ,
ಸಂಬಳವಿಲ್ಲ, ಪೆಟ್ರೋಲಿನ ದುಡ್ಡು ಮಾತ್ರ.
ಆಮೇಲೆ ಅಕ್ಟೋಬರಿನ ಒಂದು ಮಂಗಳವಾರ
ಯಾರದೋ ಸಿಂಕಿನ ಕೆಳಗೆ ನಾನು ಅಂಗಾತ ಮಲಗಿದ್ದಾಗ
ಮುಖದ ಹತ್ತಿರ ಎರಡು ಬೂಟು ಬಂದು ನಿಂತವು,
ಹೊಸವು, ಅವನವೇ.
ಕೈ ಒದ್ದೆ, ನೀನೇ ಓದು, ಅಂದೆ.
ಎರಡು ವರ್ಷದ ಕರಾರು, ಪೂರ್ತಿ ಓದಿದ,
ಪಿಂಚಣಿಯ ಸಾಲು, ಹಲ್ಲಿನ ವಿಮೆ ಕೂಡ.
ನನ್ನ ಕಣ್ಣಿಗೆ ಪೈಪಿನ ನೀರು ಬಿತ್ತು.

ಮೇ ತಿಂಗಳು, ಮೂಳೆ ಕೊರೆಯುವ ಗಾಳಿ,
ಕೋಟೆಯ ಕೆಳಗಿನ ದೊಡ್ಡ ಮೈದಾನ,
ನಾಲ್ಕನೆಯ ಸಾಲಿನಲ್ಲಿ ನಾನು, ಮಡಿಲಲ್ಲಿ ಸ್ಯಾಂಡ್‌ವಿಚ್.
ಹದಿನೇಳು ಓವರ್, ಎಪ್ಪತ್ತೊಂದು ರನ್, ವಿಕೆಟ್ ಸೊನ್ನೆ.
ಪೇಪರಿನಲ್ಲಿ ಅಷ್ಟೇ ಬರುತ್ತದೆ, ಬರಲಿ.
ಚಹಾಕ್ಕೆ ಮುಂಚಿನ ಓವರಿನ ಒಂದು ಎಸೆತ
ಗುಡ್‌ಲೆಂತ್‌ನಿಂದ ಎದ್ದು ಬ್ಯಾಟನ್ನು ದಾಟಿತು.
ನನ್ನ ಎರಡೂ ಕೈ ಆಗಲೇ ಎದೆಯೆತ್ತರಕ್ಕೆ ಹೋಗಿದ್ದವು,
ಸ್ಯಾಂಡ್‌ವಿಚ್ ಕಾಲ ಬಳಿ.
ಅವರ ಕೀಪರ್, ಎಳೆಯ ಹುಡುಗ,
ಹಿಡಿದ. ಎಡಗೈ ಕೊಡವಿದ. ಗ್ಲೌಸು ಬಿಚ್ಚಿ ನೋಡಿಕೊಂಡ.
ಒಂದು ಹೆಜ್ಜೆ ಹಿಂದೆ ಸರಿದ.

ಇನ್ನೂ ಒಂದು, ತಮ್ಮಾ, ಅಂದೆ.
ಪಕ್ಕದ ಸೀಟಿನ ಮುದುಕ ತನಗೇ ಅಂದದ್ದೆಂದುಕೊಂಡು
ಕಂಬಳಿ ಎಳೆದುಕೊಂಡು ಅತ್ತ ಸರಿದು ಕೂತ.